ವೈರ್ ಬ್ಯಾಂಡ್: 28 ಸೆಕೆಂಡಿನ ಹಾಡು ಎಲ್ಲಿಂದ ಬಂತು?

ಹೊಸಕೇಳುಗ

ಎಲ್ಲರಿಗೂ ನಮಸ್ಕಾರ. ಹೋದ ವಾರ ಲಂಡನ್ನಿನ ವೈರ್ ಬ್ಯಾಂಡಿನ 'ಪಿಂಕ್ ಫ್ಲ್ಯಾಗ್' ಮೊದಲ ಸಲ ಕೇಳಿದೆ. 1977ರ ಆಲ್ಬಂ. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುತ್ತಿದ್ದೆ. ಎರಡನೇ ಹಾಡು ಶುರುವಾಯಿತು. ಹೆಸರು ನೋಡೋಣ ಅಂತ ಜೇಬಿನಿಂದ ಫೋನ್ ತೆಗೆಯುವಷ್ಟರಲ್ಲಿ ಮುಗಿದೇ ಹೋಗಿತ್ತು. ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ನೋಡಿದರೆ ಹಾಡೇ 28 ಸೆಕೆಂಡು! ಒಟ್ಟು 21 ಹಾಡು, ಎಲ್ಲ ಸೇರಿ 35 ನಿಮಿಷದಷ್ಟು. ಒಂದು ನಿಮಿಷಕ್ಕಿಂತ ಚಿಕ್ಕವೇ ಆರು ಇವೆ.

ದಾವಣಗೆರೆ ದಾಟುವ ಹೊತ್ತಿಗೆ ಪೂರ್ತಿ ಕೇಳಿ ಮುಗಿಸಿ ಮತ್ತೆ ಮೊದಲಿಂದ ಹಾಕಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಪ್ರಶ್ನೆ ಇದು. ಇವರನ್ನು ಆರ್ಟ್ ಪಂಕ್ ಅಂತಾರೆ, ಅಂದರೆ ಕಲೆಯ ಕಡೆ ವಾಲಿದ ಪಂಕ್ ರಾಕ್. ಪ್ರಭಾವ ಯಾರದು ಅಂತ ಕೇಳಿದರೆ ಒಬ್ಬರು ನ್ಯೂಯಾರ್ಕಿನ ಪಂಕ್ ಬ್ಯಾಂಡ್ ರಾಮೋನ್ಸ್ ಅಂತಾರೆ, ಇನ್ನೊಬ್ಬರು ಸಿಡ್ ಬ್ಯಾರೆಟ್ ಹಾಡುತ್ತಿದ್ದ ಮೊದಮೊದಲ ಕಾಲದ ಪಿಂಕ್ ಫ್ಲಾಯ್ಡ್ ಅಂತಾರೆ, ಮತ್ತೊಬ್ಬರು ಎಲೆಕ್ಟ್ರಾನಿಕ್ ಸಂಗೀತದ ಬ್ರಯನ್ ಈನೋ ಅಂತಾರೆ. ಈ ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ ಅಲ್ವಾ? ಬಲ್ಲವರು ಬಿಡಿಸಿ ಹೇಳಿ.

ಹಳೇಕ್ಯಾಸೆಟ್

ತಮ್ಮಾ, ಆ ಬಸ್ ಪ್ರಯಾಣ ಓದಿ ತುಂಬಾ ಖುಷಿಯಾಯಿತು. ನೀನು ಕೇಳಿದ ಮೂರಕ್ಕೂ ಸಂಬಂಧ ಇದೆ. ಆದರೆ ಅದಕ್ಕೆ ಮೊದಲು ಒಂದು ಕಾಲು ಮುರಿದ ಕಥೆ ಗೊತ್ತಿರಬೇಕು.

ವೈರ್ ಶುರುವಾಗಿದ್ದು 1976ರ ಅಕ್ಟೋಬರ್‌ನಲ್ಲಿ. ಆಗ ಐದು ಜನ ಇದ್ದರು. ಕಾಲಿನ್ ನ್ಯೂಮನ್, ಬ್ರೂಸ್ ಗಿಲ್ಬರ್ಟ್, ಗ್ರಹಾಂ ಲೂಯಿಸ್, ಡ್ರಮ್‌ನಲ್ಲಿ ರಾಬರ್ಟ್ ಗೋಟೋಬೆಡ್. ಐದನೆಯವರು ಜಾರ್ಜ್ ಗಿಲ್. ಮುಖ್ಯ ಗಿಟಾರ್ ಅವರದೇ, ಮೊದಮೊದಲ ಹಾಡುಗಳೂ ಹೆಚ್ಚಾಗಿ ಅವರವೇ. ಗಿಟಾರ್ ಸೋಲೋ ಅಂದರೆ ಅವರಿಗೆ ಪ್ರಾಣ. 1977ರ ಶುರುವಿನಲ್ಲಿ ಅವರ ಕಾಲು ಮುರಿಯಿತು. ಅವರಿಲ್ಲದೆ ಉಳಿದ ನಾಲ್ಕು ಜನ ಅಭ್ಯಾಸಕ್ಕೆ ಕೂತರು. ಅದೇ ಹಾಡುಗಳನ್ನು ಸೋಲೋ ತೆಗೆದು ನುಡಿಸಿದರು. ಹಾಡು ಚಿಕ್ಕದಾಯಿತು, ಬಿಗಿಯಾಯಿತು. ಇನ್ನೂ ಏನೇನು ತೆಗೆಯಬಹುದು ಅಂತ ನೋಡಿದರು. ಗಿಲ್ ವಾಪಸ್ ಬರುವಷ್ಟರಲ್ಲಿ ಬ್ಯಾಂಡ್ ಬೇರೆಯೇ ಆಗಿಹೋಗಿತ್ತು. ಅವರು ಹೊರಗೆ ಹೋಗಬೇಕಾಯಿತು.

ಏಪ್ರಿಲ್ 1 ಮತ್ತು 2ರಂದು ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ನಾಲ್ಕೇ ಜನ ನುಡಿಸಿದರು. ಅಲ್ಲಿ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದವರು ಇಎಂಐ ಕಂಪನಿಯ ಮೈಕ್ ಥಾರ್ನ್. ರಾಕ್ಸಿಯ ಪಂಕ್ ಸಂಗ್ರಹದಲ್ಲಿ ವೈರ್‌ನ ಎರಡು ಹಾಡು ಬಂದವು: 'ಲೋಡೌನ್', '12ಎಕ್ಸ್‌ಯು'. ಮುಂದೆ ಇವರ ಮೊದಲ ಮೂರೂ ಆಲ್ಬಂ ನಿರ್ಮಿಸಿದ್ದು ಇದೇ ಥಾರ್ನ್.

ಆ ಎರಡು ರಾತ್ರಿಯ ಪೂರ್ತಿ ರೆಕಾರ್ಡಿಂಗ್ ಈಗ ಸಿಗುತ್ತದೆ. ಅದರಲ್ಲಿ ಎರಡು ಬೇರೆಯವರ ಹಾಡುಗಳಿವೆ. ಒಂದು ಡೇವ್ ಕ್ಲಾರ್ಕ್ ಫೈವ್ ಹಾಡಿದ್ದ 'ಗ್ಲಾಡ್ ಆಲ್ ಓವರ್'. ಇನ್ನೊಂದು ಜೆ.ಜೆ. ಕೇಲ್ ಅವರ 'ಆಫ್ಟರ್ ಮಿಡ್‌ನೈಟ್'. ಕೇಲ್ ಹಾಡಿದ್ದು ಜೋಕಾಲಿ ತೂಗಿದ ಹಾಗೆ. ಇವರು ಅದನ್ನು ಓಡಿಸಿ ಓಡಿಸಿ ಕ್ಷಣದಲ್ಲಿ ಮುಗಿಸಿಬಿಟ್ಟಿದ್ದಾರೆ. ಪ್ರಭಾವ ಅಂದರೆ ಇವರಿಗೆ ಏನು ಅಂತ ಅಲ್ಲೇ ಗೊತ್ತಾಗುತ್ತದೆ. ಹಳೇ ಹಾಡನ್ನು ತಗೊಂಡು, ತಮಗೆ ಬೇಡದ್ದನ್ನೆಲ್ಲ ಕಿತ್ತು ಹಾಕುವುದು.

ತಂತಿಮೀಟು

ಅಣ್ಣ ಹೇಳಿದ 'ತೆಗೆಯುವುದು' ಸರಿ. ಆದರೆ ರಾಮೋನ್ಸ್ ಪಾಲು ಕಡಿಮೆ ಮಾಡಬೇಡಿ.

ರಾಮೋನ್ಸ್ ಮೊದಲ ಆಲ್ಬಂ 1976ರದು. 14 ಹಾಡು, 29 ನಿಮಿಷ. ಚಿಕ್ಕ ಹಾಡು ಬರೆಯಬಹುದು ಅನ್ನುವ ಧೈರ್ಯವನ್ನು ಲಂಡನ್ನಿನ ಹುಡುಗರಿಗೆ ಕೊಟ್ಟಿದ್ದೇ ಅದು. ಬಲಗೈ ಮೇಲಿಂದ ಕೆಳಕ್ಕೆ ಮಾತ್ರ ಬಡಿಯುವುದು, ಎಡಗೈಯಲ್ಲಿ ಎರಡೋ ಮೂರೋ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ). ವೈರ್ ಅದನ್ನೇ ಎತ್ತಿಕೊಂಡರು.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ರಾಮೋನ್ಸ್ ಹಾಡಿಗೆ ಪಲ್ಲವಿ ಇರುತ್ತದೆ. ಅದು ತಿರುಗಿ ತಿರುಗಿ ಬರುತ್ತದೆ, ಜನ ಜೊತೆಗೆ ಕೂಗುತ್ತಾರೆ. ವೈರ್ ಎಷ್ಟೋ ಕಡೆ ಪಲ್ಲವಿಯನ್ನೇ ಎರಡನೇ ಸಲ ಹಾಡುವುದಿಲ್ಲ. ಸಾಹಿತ್ಯ ಮುಗಿದ ಕಡೆ ಹಾಡು ನಿಲ್ಲುತ್ತದೆ, ಅಷ್ಟೇ. ಇದು ಅವರೇ ಹೇಳಿಕೊಂಡಿರುವ ನಿಯಮ.

'ತ್ರೀ ಗರ್ಲ್ ರುಂಬಾ' ನುಡಿಸಿ ನೋಡಿ. ಬೆರಳಿಗೆ ಏನೂ ಕಷ್ಟ ಇಲ್ಲ. ಗಿಟಾರ್ ಹಿಡಿದು ಒಂದು ತಿಂಗಳಾದವರೂ ಆ ಕಾರ್ಡ್ ಹಿಡಿಯಬಹುದು. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಎರಡು ಪೆಟ್ಟು ಹೊಡೆದು ಅಂಗೈ ಬುಡವನ್ನು ತಂತಿಯ ಮೇಲೆ ಒತ್ತಬೇಕು, ಸದ್ದು ಅಲ್ಲೇ ಸಾಯಬೇಕು. ಒಂದು ಕೂದಲೆಳೆ ತಡವಾದರೂ ಆ ಹಾಡು ಆ ಹಾಡಾಗಿ ಉಳಿಯುವುದಿಲ್ಲ. ನಾವು ಮೂರು ಜನ ಗೆಳೆಯರು ನಾಲ್ಕು ಸಂಜೆ ಕೂತು ಇದೊಂದನ್ನೇ ನುಡಿಸಿದ್ದೇವೆ. 1 ನಿಮಿಷ 23 ಸೆಕೆಂಡಿನ ಹಾಡು. ನಾಲ್ಕನೇ ಸಂಜೆ ಮೂವರೂ ಒಟ್ಟಿಗೆ ನಿಂತೆವು. ಆ ಮೌನ ಕೇಳಿಸಿತಲ್ಲ, ಮೈ ಜುಮ್ಮೆಂದಿತು.

ತಾಳಗಾರ

ತಂತಿಮೀಟು ಅವರೇ, ಆ ಮೌನದ ಪಾಲು ಡ್ರಮ್ಮಿಗೂ ಕೊಡಿ.

ನಾನು ಹತ್ತು ವರ್ಷ ಮೃದಂಗ ಕಲಿತು ಆಮೇಲೆ ಡ್ರಮ್ಮಿಗೆ ಬಂದವನು. ತನಿ ಆವರ್ತನ ಬಂತು ಅಂದರೆ ಕೈ ತುರಿಸುತ್ತದೆ. ಡ್ರಮ್ಮಿನಲ್ಲೂ ಹಾಗೇ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುವಾಗ ಒಂದು ಉರುಳಿಕೆ ಹಾಕಿಬಿಡೋಣ ಅನ್ನಿಸುತ್ತದೆ. ಗೋಟೋಬೆಡ್ ಹಾಕುವುದಿಲ್ಲ. (ಅವರ ಈಗಿನ ಹೆಸರು ರಾಬರ್ಟ್ ಗ್ರೇ, ಗೊಂದಲ ಬೇಡ.) ಹೈಹ್ಯಾಟ್, ಸ್ನೇರ್, ಕಿಕ್, ಮೂರೇ ಮೂರು. ಸಿಂಬಲ್ ಜೋರಾಗಿ ಹೊಡೆದು ಸಂಭ್ರಮ ಮಾಡುವುದು ಬಹಳ ಕಡಿಮೆ. ಹಾಡಿನ ಮೊದಲಿಂದ ಕೊನೆಯವರೆಗೆ ಎದೆಬಡಿತದ ಹಾಗೆ ಒಂದೇ ಸಮ. ತಾವಾಗಿಯೇ ಕಲಿತವರು. ಯಾರದೋ ಶೈಲಿ ಮರೆಯುವ ಕಷ್ಟ ಅವರಿಗೆ ಇರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಇಲ್ಲಿ ನನಗೆ ರಾಮೋನ್ಸ್‌ಗಿಂತ ಜಾಸ್ತಿ ಕೇಳಿಸುವುದು ಜರ್ಮನಿಯ ನೋಯ್, ಕ್ಯಾನ್ ತರಹದ ಬ್ಯಾಂಡುಗಳು. ಅವರೂ ಒಂದೇ ಹೆಜ್ಜೆ ಹಿಡಿದು ಹತ್ತು ನಿಮಿಷ ನಡೆಯುತ್ತಿದ್ದರು. ವೈರ್ ಆ ನಡಿಗೆಯ ಒಂದು ನಿಮಿಷ ಮಾತ್ರ ಕತ್ತರಿಸಿ ಕೊಟ್ಟ ಹಾಗಿದೆ. ಇದು ನನ್ನ ಕಿವಿಯ ಮಾತು, ಸಾಕ್ಷಿ ಕೇಳಬೇಡಿ.

ಬಣ್ಣದಡಬ್ಬಿ

ನೀವೆಲ್ಲ ಸಂಗೀತದ ಒಳಗೇ ಹುಡುಕುತ್ತಿದ್ದೀರಿ. ನಾನು ಚಿತ್ರಕಲೆ ಓದಿದವಳು. ನನಗೆ ಇವರ ಪ್ರಭಾವ ಬೇರೆ ಕಡೆ ಕಾಣುತ್ತದೆ.

ನ್ಯೂಮನ್ ಓದಿದ್ದು ವಾಟ್‌ಫರ್ಡ್ ಕಲಾಶಾಲೆಯಲ್ಲಿ, ಇಲಸ್ಟ್ರೇಶನ್. ಬ್ರಯನ್ ಈನೋ ಅಲ್ಲಿಗೆ ಪಾಠ ಹೇಳಲು ಬರುತ್ತಿದ್ದರು. ಪೀಟರ್ ಶ್ಮಿಟ್ ಅನ್ನುವ ಚಿತ್ರಕಾರರು ಅಲ್ಲೇ ಮೇಷ್ಟ್ರು. ಈ ಈನೋ ಮತ್ತು ಶ್ಮಿಟ್ ಸೇರಿ 1975ರಲ್ಲಿ ಇಸ್ಪೀಟಿನಂಥ ಕಾರ್ಡುಗಳ ಒಂದು ಕಟ್ಟು ತಂದಿದ್ದರು. ಕೆಲಸ ಮಾಡುತ್ತಾ ಎಲ್ಲೋ ಸಿಕ್ಕಿಹಾಕಿಕೊಂಡರೆ ಒಂದು ಕಾರ್ಡ್ ಎತ್ತಬೇಕು. ಅದರಲ್ಲಿ ಬರೆದಿರುವ ಸೂಚನೆಯಂತೆ ಮಾಡಬೇಕು. ಗಿಲ್ಬರ್ಟ್ ಅದೇ ಊರಿನ ಕಾಲೇಜಿನಲ್ಲಿ ದೃಶ್ಯ-ಶ್ರವ್ಯ ವಿಭಾಗದ ತಂತ್ರಜ್ಞರು. ಅವರ ಕೈಗೆ ದಿನಾ ಸಿಗುತ್ತಿದ್ದದ್ದು ಟೇಪ್ ಯಂತ್ರ. ಬ್ಯಾಂಡ್ ಶುರುವಾದಾಗ ಅವರಿಗೆ ಆಗಲೇ 30 ವರ್ಷ. ಲೂಯಿಸ್ ಬಟ್ಟೆ, ಉಡುಪಿನ ವಿನ್ಯಾಸ ಕಲಿತವರು.

ಈಗ ಯೋಚನೆ ಮಾಡಿ. ಇವರಿಗೆ ಹಾಡು ಅನ್ನುವುದು ಎದೆಯಿಂದ ಉಕ್ಕಿ ಬಂದ ಮಾತಲ್ಲ, ಮೇಜಿನ ಮೇಲಿಟ್ಟು ಮಾಡುವ ಒಂದು ವಸ್ತು. ಚಿತ್ರ ಬರೆಯುವಾಗ ನಮಗೆ ಹೇಳಿಕೊಡುವ ದೊಡ್ಡ ಪಾಠ ಒಂದಿದೆ: ಖಾಲಿ ಜಾಗವೂ ಚಿತ್ರವೇ. ಎಲ್ಲಿ ಕುಂಚ ಎತ್ತಬೇಕು ಅಂತ ಗೊತ್ತಾಗಬೇಕು. 'ಪಿಂಕ್ ಫ್ಲ್ಯಾಗ್' ಹೊದಿಕೆ ನೋಡಿ. ಒಂದು ಕಂಬ, ಒಂದು ಗುಲಾಬಿ ಬಾವುಟ, ಹಿಂದೆ ಆಕಾಶ. ಬೇರೇನೂ ಇಲ್ಲ. ಆ ಕಾಲದ ಪಂಕ್ ಹೊದಿಕೆಗಳಲ್ಲಿ ಹರಿದ ಬಟ್ಟೆ, ಸಿಟ್ಟಿನ ಮುಖ, ಪತ್ರಿಕೆಯಿಂದ ಕತ್ತರಿಸಿದ ಅಕ್ಷರ ತುಂಬಿರುತ್ತಿದ್ದವು. ಇವರ ಮುಖವೇ ಇಲ್ಲ!

ಹಳೇಕ್ಯಾಸೆಟ್

ಮೇಡಂ, ಒಂದು ತಕರಾರು. ಇಂಗ್ಲೆಂಡಿನಲ್ಲಿ ಕಲಾಶಾಲೆಗೆ ಹೋಗದ ಸಂಗೀತಗಾರರನ್ನು ಹುಡುಕುವುದೇ ಕಷ್ಟ. ಜಾನ್ ಲೆನನ್ ಹೋಗಿದ್ದರು. ಕೀತ್ ರಿಚರ್ಡ್ಸ್ ಹೋಗಿದ್ದರು. ಪೀಟ್ ಟೌನ್‌ಶೆಂಡ್ ಹೋಗಿದ್ದರು. ಅವರು ಯಾರೂ 28 ಸೆಕೆಂಡಿನ ಹಾಡು ಬರೆಯಲಿಲ್ಲ. ಕಲಾಶಾಲೆ ಅಂತ ಹೇಳಿಬಿಟ್ಟರೆ ಉತ್ತರ ಸಿಕ್ಕ ಹಾಗೆ ಆಗುವುದಿಲ್ಲ.

ಬಣ್ಣದಡಬ್ಬಿ

ಒಪ್ಪಿದೆ ಸರ್. ಶಾಲೆಗೆ ಹೋಗುವುದು ಬೇರೆ, ಶಾಲೆಯ ಕೆಲಸದ ರೀತಿಯನ್ನು ಹಾಡಿಗೆ ತರುವುದು ಬೇರೆ. ಒಂದು ಉದಾಹರಣೆ ಕೊಡುತ್ತೇನೆ. '106 ಬೀಟ್ಸ್ ದಟ್' ಇದೆಯಲ್ಲ? ಲೂಯಿಸ್ ಸರಿಯಾಗಿ 100 ಉಚ್ಚಾರಾಂಶಗಳ ಸಾಹಿತ್ಯ ಬರೆಯಲು ಹೊರಟರು. ಎಣಿಸಿ ನೋಡಿದರೆ 106 ಆಗಿತ್ತು. ಆ ತಪ್ಪಿದ ಲೆಕ್ಕವನ್ನೇ ಹೆಸರಿಗೆ ಹಾಕಿದರು. ಮೊದಲು ಒಂದು ಕಟ್ಟುಪಾಡು ಹಾಕಿಕೊಳ್ಳುವುದು, ಆಮೇಲೆ ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ನೋಡುವುದು. ಈನೋ, ಶ್ಮಿಟ್ ಅವರ ಕಾರ್ಡಿನ ಬುದ್ಧಿ ಇದೇ. ಲೆನನ್ ಹೀಗೆ ಕೂತು ಎಣಿಸುತ್ತಿರಲಿಲ್ಲ ಅನ್ನಿಸುತ್ತದೆ.

ಈನೋ ಪ್ರಭಾವ ಅಂದರೆ ಈನೋ ತರಹ ಸಿಂಥ್ ಬಾರಿಸುವುದು ಅಂತ ತಿಳಿಯಬೇಡಿ. 'ಪಿಂಕ್ ಫ್ಲ್ಯಾಗ್' ಇಡೀ ಆಲ್ಬಂ ಕೇಳಿದರೂ ಈನೋ ಸದ್ದು ಎಲ್ಲೂ ಸಿಗುವುದಿಲ್ಲ. ಆದರೆ ಅವರು ಕಲಿಸಿದ್ದು ಪ್ರತಿ ಹಾಡಿನಲ್ಲೂ ಇದೆ.

ಹೊಸಕೇಳುಗ

ಅಕ್ಕ, ಆ 106ರ ಕಥೆ ಕೇಳಿ ಈಗಷ್ಟೇ ಮತ್ತೆ ಹಾಕಿದೆ. ಬೆರಳು ಮಡಚಿ ಎಣಿಸಲು ನೋಡಿದೆ, ಇಪ್ಪತ್ತಕ್ಕೇ ಹಾಡು ಮುಂದೆ ಓಡಿಹೋಯಿತು. 

ನಮ್ಮಲ್ಲಿ ಚುಟುಕ ಬರೆಯುವವರು ನಾಲ್ಕು ಸಾಲಿನ ಲೆಕ್ಕ ಇಟ್ಟುಕೊಳ್ಳುತ್ತಾರಲ್ಲ, ಹಾಗೇ ಅನ್ನಿಸಿತು. ನಾಲ್ಕು ಸಾಲು ಮುಗಿಯಿತು ಅಂದರೆ ಮುಗಿಯಿತು. ಐದನೆಯದು ಬರೆದರೆ ಅದು ಬೇರೆ ಪದ್ಯ.

ಒಂದು ಅನುಮಾನ. ಮೊದಲ ಹಾಡು 'ರಾಯ್ಟರ್ಸ್' ಮಾತ್ರ ಯಾಕೆ ಅಷ್ಟು ನಿಧಾನ? ಪಂಕ್ ಆಲ್ಬಂ ಹೀಗೆ ಶುರುವಾಗುತ್ತದಾ?

ತಂತಿಮೀಟು

ಅದೇ ಅದರ ಸೊಗಸು ತಮ್ಮಾ. ಎಲ್ಲರೂ ಓಟದಿಂದ ಶುರು ಮಾಡುತ್ತಿದ್ದ ಕಾಲದಲ್ಲಿ ಇವರು ಭಾರದ ಹೆಜ್ಜೆ ಇಟ್ಟು ಒಳಗೆ ಬಂದರು. ದೂರದ ದೇಶದಲ್ಲಿ ಗಲಭೆಯ ನಡುವೆ ಸಿಕ್ಕಿಬಿದ್ದ ವರದಿಗಾರ ಸುದ್ದಿ ಕಳಿಸುತ್ತಿದ್ದಾನೆ. ಟೇಪ್ ಮುಗಿಯುತ್ತಾ ಬಂದಿದೆ. ಹಾಡುವವರು 'ನಾನು ಸಿಟ್ಟಾಗಿದ್ದೇನೆ' ಅಂತ ಎಲ್ಲೂ ಹೇಳುವುದಿಲ್ಲ, ವರದಿ ಒಪ್ಪಿಸುತ್ತಾರೆ ಅಷ್ಟೇ. ಸೆಕ್ಸ್ ಪಿಸ್ತೂಲ್ಸ್, ಕ್ಲ್ಯಾಶ್ ಹಾಡುಗಳಲ್ಲಿ ಹಾಡುವವರೇ ಮುಂದೆ ನಿಂತು ಮಾತಾಡುತ್ತಾರೆ. ವೈರ್ ಹಾಡಿನಲ್ಲಿ ಯಾರೋ ಮೂರನೆಯವರು ಕಿಟಕಿಯಿಂದ ನೋಡುತ್ತಿರುತ್ತಾರೆ. ನನಗೆ ಆರ್ಟ್ ಪಂಕ್ ಅಂದರೆ ಇದು. ಪಂಕ್‌ನ ಸದ್ದು, ಆದರೆ ನೋಟ ಬೇರೆ.

ಆ ಹೆಸರಿಗೆ ಒಂದೇ ಅರ್ಥ ಇಲ್ಲ ಅನ್ನುವುದೂ ನಿಜ. ಟಾಕಿಂಗ್ ಹೆಡ್ಸ್ ಕಲಾಶಾಲೆಯಿಂದಲೇ ಬಂದವರು, ಆದರೆ ಕುಣಿಸುತ್ತಾರೆ. ಕ್ಲೀವ್‌ಲ್ಯಾಂಡಿನ ಪೆರೆ ಉಬು ಕಾರ್ಖಾನೆಯ ಸದ್ದು ತಂದರು. ಲೀಡ್ಸ್‌ನ ಗ್ಯಾಂಗ್ ಆಫ್ ಫೋರ್ ರಾಜಕೀಯ ತಂದರು. ಎಲ್ಲರಿಗೂ ಒಂದೇ ಚೀಟಿ ಅಂಟಿಸಿದ್ದಾರೆ.

ಟೊಮೇಟೊತೋಟ

ನಾನು ಇಲ್ಲಿ ಸುಮ್ನೆ ಓದುವವನು, ಬರೆಯುವುದು ಕಡಿಮೆ. ಆದರೆ ವೈರ್ ವಿಷಯ ಬಂದಾಗ ಒಂದು ಮಾತು ಹೇಳಲೇಬೇಕು.

ಕೋಲಾರದ ಹತ್ತಿರ ನಮ್ಮ ತೋಟ. ಟೊಮೇಟೊ ಬೆಳೆಯುವವರಿಗೆ ರಂಗೋಲಿ ಹುಳು ಗೊತ್ತಿರುತ್ತದೆ. ಎಲೆ ಮೇಲೆ ಬಿಳಿ ಗೆರೆ ಹಾವಿನ ಹಾಗೆ ಸುತ್ತಿ ಸುತ್ತಿ ಹೋಗಿರುತ್ತದೆ, ಯಾರೋ ಸೀಮೆಸುಣ್ಣದಲ್ಲಿ ಗೀಚಿದ ಹಾಗೆ. ಹುಳು ಎಲೆಯ ಮೇಲೆ ಇರುವುದಿಲ್ಲ. ಎಲೆಗೆ ಮೇಲೊಂದು ಪದರ, ಕೆಳಗೊಂದು ಪದರ ಇರುತ್ತದಲ್ಲ, ಆ ಎರಡರ ನಡುವೆ ಇರುತ್ತದೆ. ಒಳಗಿನ ಹಸಿರನ್ನು ತಿನ್ನುತ್ತಾ ಮುಂದೆ ಹೋಗುತ್ತದೆ. ಎಲೆ ಕಿತ್ತು ಬಿಸಿಲಿಗೆ ಹಿಡಿದರೆ ಗೆರೆ ಶುರುವಿನಲ್ಲಿ ದಾರದಷ್ಟು ಸಣ್ಣ, ಹೋಗ್ತಾ ಹೋಗ್ತಾ ಅಗಲ. ಹುಳು ಬೆಳೆದ ಹಾಗೆ ದಾರಿಯೂ ದೊಡ್ಡದು. ಕೊನೆಯಲ್ಲಿ ಒಂದು ಹಳದಿ ಚುಕ್ಕೆ ಅಲುಗಾಡುತ್ತಿರುತ್ತದೆ, ಅದೇ ಹುಳು.

1978ರ 'ಚೇರ್ಸ್ ಮಿಸ್ಸಿಂಗ್' ಆಲ್ಬಮ್ಮಿನ 'ಔಟ್‌ಡೋರ್ ಮೈನರ್' ಹಾಡು ಪೂರ್ತಿ ಈ ಹುಳುವಿನ ಬಗ್ಗೆ! ಎಲೆಯನ್ನೇ ಗಣಿ ಮಾಡಿಕೊಂಡು ಒಳಗಿಂದ ತಿನ್ನುವ ಹುಳು. ಕಾಲೇಜಿನಲ್ಲಿ ಕೃಷಿ ಓದುವಾಗ ರೂಮಿನ ಗೆಳೆಯ ಈ ಹಾಡು ಹಾಕಿದ. ನಾನು ಪ್ರೇಮಗೀತೆ ಅಂದುಕೊಂಡಿದ್ದೆ. ಅಷ್ಟು ಇಂಪಾದ ರಾಗ, ದನಿ ಮೇಲೆ ದನಿ ಸೇರಿಸಿ ಹಾಡಿದ್ದಾರೆ. ಆಮೇಲೆ ಸಾಹಿತ್ಯ ಓದಿದೆ. ಪರೀಕ್ಷೆಗೆ ಓದುತ್ತಿದ್ದ ಕೀಟ ಹಾಡಿನಲ್ಲಿ ಇದೆ! ಆವತ್ತಿನಿಂದ ಇವತ್ತಿನವರೆಗೆ ಇವರನ್ನು ಬಿಟ್ಟಿಲ್ಲ.

ಇನ್ನೊಂದು. ಈ ಹುಳು ಬೆಳೆದು ಕೊನೆಗೆ ಸಣ್ಣ ನೊಣ ಆಗುತ್ತದೆ. ಅದೇ ಆಲ್ಬಮ್ಮಿನಲ್ಲಿ 'ಐ ಆ್ಯಮ್ ದಿ ಫ್ಲೈ' ಅಂತ ನೊಣದ ಹಾಡೂ ಇದೆ. ಬೇಕೆಂದು ಮಾಡಿದ್ದಲ್ಲದೆ ಇರಬಹುದು. ಆದರೆ ಬೆಳೆ ನೋಡುವ ನನ್ನ ಕಣ್ಣಿಗೆ ಅದು ಜೋಡಿಯಾಗೇ ಕಾಣುತ್ತದೆ.

ಬಣ್ಣದಡಬ್ಬಿ

ಟೊಮೇಟೊತೋಟ ಅವರೇ, ಇಷ್ಟು ವರ್ಷ ಈ ಹಾಡು ಕೇಳಿದ್ದೇನೆ, ಆ ಗೆರೆ ಈಗ ಮೊದಲ ಸಲ ಕಣ್ಣಿಗೆ ಕಟ್ಟಿತು. ಇನ್ನಷ್ಟು ಬರೆಯಿರಿ ದಯವಿಟ್ಟು.

ಹಳೇಕ್ಯಾಸೆಟ್

ಎಂಥಾ ಮಾತು ಹೇಳಿದಿರಿ ಸರ್. ಆ ಹಾಡಿನ ಹಣೆಬರಹವನ್ನೂ ಹೇಳಿಬಿಡುತ್ತೇನೆ.

ಆಲ್ಬಮ್ಮಿನಲ್ಲಿ ಅದು ಎರಡು ನಿಮಿಷವೂ ಇಲ್ಲ. ರೇಡಿಯೊದಲ್ಲಿ ಓಡಬಹುದು ಅಂತ ಕಂಪನಿಗೆ ಅನ್ನಿಸಿತು, ಉದ್ದ ಮಾಡಿ ಅಂದರು. ಮೈಕ್ ಥಾರ್ನ್ ನಡುವೆ ಪಿಯಾನೋ ಸೇರಿಸಿದರು, ಹಾಡು ಮೂರು ನಿಮಿಷದ ಹತ್ತಿರ ಬಂತು. 1979ರ ಜನವರಿಯಲ್ಲಿ ಸಿಂಗಲ್ ಬಿಡುಗಡೆಯಾಯಿತು. ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತಿರುವಾಗಲೇ ಮಾರಾಟದ ಲೆಕ್ಕದ ಬಗ್ಗೆ ಅನುಮಾನ ಎದ್ದಿತು. 51ನೇ ಸ್ಥಾನದ ಮೇಲೆ ಹೋಗಲೇ ಇಲ್ಲ. ಎರಡೂ ರೂಪ ಕೇಳಿ. ನನಗೆ ಚಿಕ್ಕದೇ ಪ್ರಾಣ. ಪಿಯಾನೋ ಚೆನ್ನಾಗಿದೆ, ಆದರೆ ಊಟ ಮುಗಿದ ಮೇಲೆ ಮತ್ತೆ ಬಡಿಸಿದ ಹಾಗೆ.

'ಚೇರ್ಸ್ ಮಿಸ್ಸಿಂಗ್' ಅನ್ನುವ ಹೆಸರು ಕೂಡ ಆಡುಮಾತು. ಅವರ ಮನೆಯ ಹಾಲ್‌ನಲ್ಲಿ ಒಂದೆರಡು ಕುರ್ಚಿ ಕಮ್ಮಿ ಇವೆ ಅಂದರೆ, ನಾವು 'ಒಂದು ನಟ್ಟು ಲೂಸು' ಅನ್ನುತ್ತೇವಲ್ಲ, ಅದೇ ಅರ್ಥ.

ತಮ್ಮಾ ಹೊಸಕೇಳುಗ, ನೀನು ಕೇಳಿದ ಪಿಂಕ್ ಫ್ಲಾಯ್ಡ್ ಸಂಬಂಧ ಇಲ್ಲಿದೆ. 'ಪಿಂಕ್ ಫ್ಲ್ಯಾಗ್' ಆಗಿ ಒಂದು ವರ್ಷ ಕೂಡ ಆಗಿಲ್ಲ, ಅಷ್ಟರಲ್ಲಿ ಸದ್ದೇ ಬದಲಾಗಿದೆ. ಥಾರ್ನ್ ಸಿಂಥ್, ಕೀಬೋರ್ಡ್ ತಂದರು. ಗಿಟಾರಿಗೆ ಫ್ಲ್ಯಾಂಜರ್ ಬಂತು, ಸದ್ದನ್ನು ಅಲೆಅಲೆಯಾಗಿ ತಿರುಚುವ ಸಾಧನ. 'ಐ ಆ್ಯಮ್ ದಿ ಫ್ಲೈ' ಗಿಟಾರ್ ನಿಜವಾಗಿ ನೊಣದ ಹಾಗೆ ಗುಂಯ್ ಅನ್ನುತ್ತದೆ. ಪಂಕ್ ಅಭಿಮಾನಿಗಳಿಗೆ ಇದು ಹಿಪ್ಪಿ ಕಾಲದ ವಾಸನೆ ಹೊಡೆಯಿತು. ಅದಕ್ಕೇ ಸಿಡ್ ಬ್ಯಾರೆಟ್ ಹೆಸರು ಬಂತು. ಮೇಲಾಗಿ ಇಬ್ಬರ ಲೇಬಲ್ಲೂ ಒಂದೇ, ಇಎಂಐನ ಹಾರ್ವೆಸ್ಟ್. ಪಂಕ್ ಬ್ಯಾಂಡೊಂದು ಪಿಂಕ್ ಫ್ಲಾಯ್ಡ್ ಲೇಬಲ್ಲಿನಿಂದ ಬಂತು ಅನ್ನುವುದೇ ಆಗ ಮಾತಾಗಿತ್ತು.

ತಂತಿಮೀಟು

ಇಲ್ಲಿ ನನ್ನದು ಬೇರೆ ಅಭಿಪ್ರಾಯ. 'ಚೇರ್ಸ್ ಮಿಸ್ಸಿಂಗ್'ವರೆಗೆ ನಾನು ಇವರ ಜೊತೆ. 1979ರ '154'ರಲ್ಲಿ ಕಳೆದುಕೊಂಡರು. ಅಷ್ಟು ಕಷ್ಟಪಟ್ಟು ತೆಗೆದದ್ದನ್ನೆಲ್ಲ ವಾಪಸ್ ತುಂಬಿದ್ದಾರೆ. 'ಎ ಟಚಿಂಗ್ ಡಿಸ್‌ಪ್ಲೇ' ಸುಮಾರು ಏಳು ನಿಮಿಷ! 28 ಸೆಕೆಂಡಿನ ಹಾಡು ಬರೆದವರಿಗೆ ಏಳು ನಿಮಿಷ ಯಾಕೆ ಬೇಕಿತ್ತು?

ಬಣ್ಣದಡಬ್ಬಿ

ಬೇಕಿತ್ತು ತಮ್ಮಾ. ಚಿಕ್ಕದು ಮಾಡುವುದೇ ಇವರ ಶೈಲಿ ಅಂತ ನೀವು ಹಿಡಿದುಕೊಂಡಿದ್ದೀರಿ. ಶೈಲಿ ಅದಲ್ಲ. ನಿನ್ನೆ ಮಾಡಿದ್ದನ್ನು ಇವತ್ತು ಮಾಡಬಾರದು ಅನ್ನುವುದು ಶೈಲಿ. ಚಿಕ್ಕ ಹಾಡೇ ಅಭ್ಯಾಸ ಆಗಿಬಿಟ್ಟರೆ ಅದನ್ನೂ ಕಿತ್ತು ಹಾಕಬೇಕಲ್ಲ?

'ಎ ಟಚಿಂಗ್ ಡಿಸ್‌ಪ್ಲೇ' ಕತ್ತಲೆ ಕೋಣೆಯಲ್ಲಿ ಕೂತು ಒಂದು ಸಲ ಕೇಳಿ. ಲೂಯಿಸ್ ಅವರ ತಗ್ಗಿನ ದನಿ, ಟಿಮ್ ಸೌಸ್ಟರ್ ಅವರ ಎಲೆಕ್ಟ್ರಿಕ್ ವಯೋಲಾ. ವಯೋಲಾ ಮತ್ತು ಜೋರು ಗಿಟಾರ್ ಒಟ್ಟಿಗೆ ಕೇಳಿದಾಗ ನನಗೆ 1960ರ ದಶಕದ ನ್ಯೂಯಾರ್ಕ್ ಬ್ಯಾಂಡ್ ವೆಲ್ವೆಟ್ ಅಂಡರ್‌ಗ್ರೌಂಡ್ ನೆನಪಾಗದೆ ಇರುವುದಿಲ್ಲ. ನಿಮ್ಮ ಪಟ್ಟಿಗೆ ಆ ಹೆಸರನ್ನೂ ಸೇರಿಸಿಕೊಳ್ಳಿ.

'ಮ್ಯಾಪ್ ರೆಫ್' ಹಾಡಿನ ಪೂರ್ತಿ ಹೆಸರಿನಲ್ಲಿ ಅಕ್ಷಾಂಶ, ರೇಖಾಂಶ ಇವೆ: 41 ಡಿಗ್ರಿ ಉತ್ತರ, 93 ಡಿಗ್ರಿ ಪಶ್ಚಿಮ. ಭೂಪಟ ತೆಗೆದು ಬೆರಳಿಡಿ, ಅಮೆರಿಕದ ಅಯೋವಾದಲ್ಲಿ ಹೋಗಿ ನಿಲ್ಲುತ್ತದೆ. ಮೇಲಿಂದ ನೋಡಿದರೆ ನೆಲದ ತುಂಬ ಚೌಕ ಚೌಕ. ಅದನ್ನು ನೋಡಿ ಬರೆದ ಹಾಡು. ಪಲ್ಲವಿ ಬರುವ ಮುಂಚೆ ನ್ಯೂಮನ್ 'ಕೋರಸ್' ಅಂತ ಬಾಯಿಬಿಟ್ಟು ಹೇಳುತ್ತಾರೆ! ನಾಟಕದ ಪ್ರತಿಯಲ್ಲಿ ಬರೆದಿರುವ ರಂಗಸೂಚನೆಯನ್ನೂ ಓದಿಬಿಟ್ಟ ಹಾಗೆ. ಆಮೇಲೆ ಬರುವ ಪಲ್ಲವಿ ಎಷ್ಟು ಚೆಂದ ಅಂದರೆ, ಎದೆ ತುಂಬಿ ಬರುತ್ತದೆ. ಮೊದಲು ಹಾಡಿನ ಹೊಲಿಗೆ ತೋರಿಸಿ ಆಮೇಲೆ ಅದರಲ್ಲೇ ನಮ್ಮನ್ನು ಮುಳುಗಿಸುವುದು, ಇದನ್ನು ಕಳೆದುಕೊಂಡದ್ದು ಅಂತ ಹೇಗೆ ಹೇಳುತ್ತೀರಿ?

ಹಳೇಕ್ಯಾಸೆಟ್

'154' ಅನ್ನುವ ಹೆಸರು ಅಷ್ಟು ಹೊತ್ತಿಗೆ ಅವರು ಕೊಟ್ಟಿದ್ದ ಕಾರ್ಯಕ್ರಮಗಳ ಲೆಕ್ಕ. ಆ ವರ್ಷ ಯುರೋಪಿನಲ್ಲಿ ರಾಕ್ಸಿ ಮ್ಯೂಸಿಕ್ ಜೊತೆ ಸುತ್ತಾಡಿದ್ದರು. ಈನೋ ಮೊದಲು ಇದ್ದ ಬ್ಯಾಂಡ್ ಅದೇ. ಸುತ್ತಿ ಬಳಸಿ ಅಲ್ಲಿಗೇ ಬಂತು ನೋಡಿ. '154' ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ 39ನೇ ಸ್ಥಾನಕ್ಕೂ ಹೋಯಿತು.

ಒಳಗೆ ಮಾತ್ರ ಎರಡು ಬಣ ಆಗಿತ್ತು. ಒಂದು ಕಡೆ ನ್ಯೂಮನ್, ಥಾರ್ನ್. ಅವರಿಗೆ ಹಾಡು ಬೇಕು. ಇನ್ನೊಂದು ಕಡೆ ಗಿಲ್ಬರ್ಟ್, ಲೂಯಿಸ್. ಅವರಿಗೆ ಸದ್ದು ಬೇಕು. '154' ಚೆನ್ನಾಗಿರುವುದೇ ಆ ಎಳೆದಾಟದಿಂದ ಅಂತ ನನ್ನ ನಂಬಿಕೆ. 1980ರ ಫೆಬ್ರವರಿ 29ರಂದು ಲಂಡನ್ನಿನ ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ಹಳೇ ಹಾಡು ಬಿಟ್ಟು ಹೊಸದನ್ನೇ ನುಡಿಸಿದರು, ಜೊತೆಗೆ ವೇದಿಕೆ ಮೇಲೆ ಪ್ರದರ್ಶನ ಕಲೆ. ಜನ ಕೂಗಾಡಿದರು. ಆ ಕೂಗಾಟ ಸಮೇತ 1981ರಲ್ಲಿ ಆಲ್ಬಂ ಬಂತು. ಅಷ್ಟು ಹೊತ್ತಿಗೆ ಬ್ಯಾಂಡ್ ನಿಂತುಹೋಗಿತ್ತು. ಆವತ್ತು ಅರ್ಧಕ್ಕೆ ಬಿಟ್ಟ ಹಾಡುಗಳನ್ನು 2013ರ 'ಚೇಂಜ್ ಬಿಕಮ್ಸ್ ಅಸ್'ನಲ್ಲಿ ಮತ್ತೆ ಎತ್ತಿಕೊಂಡು ಹೊಸದಾಗಿ ಕಟ್ಟಿದ್ದಾರೆ. 30 ವರ್ಷದ ಮೇಲೆ!

ತಂತಿಮೀಟು

ಅಕ್ಕ, ನಿನ್ನೆ ರಾತ್ರಿ ದೀಪ ಆರಿಸಿ '154' ಪೂರ್ತಿ ಕೇಳಿದೆ. 'ಮ್ಯಾಪ್ ರೆಫ್' ವಿಷಯದಲ್ಲಿ ನೀವು ಹೇಳಿದ್ದೇ ಸರಿ. 'ದಿ ಫಿಫ್ಟೀನ್ತ್' ಹಾಡೂ ಮನಸ್ಸಿನಿಂದ ಹೋಗುತ್ತಿಲ್ಲ. 'ಎ ಟಚಿಂಗ್ ಡಿಸ್‌ಪ್ಲೇ' ಇನ್ನೂ ನನ್ನದಾಗಿಲ್ಲ. ಇನ್ನೊಂದು ಸಲ ಕೇಳುತ್ತೇನೆ.

ಇವರಿಂದ ಯಾರು ಯಾರು ಕಲಿತರು ಅನ್ನುವುದೂ ಈ ಚರ್ಚೆಯಲ್ಲಿ ಬರಬೇಕು. 'ತ್ರೀ ಗರ್ಲ್ ರುಂಬಾ' ಶುರುವಿನ ಗಿಟಾರನ್ನೇ 1994ರಲ್ಲಿ ಲಂಡನ್ನಿನ ಎಲಾಸ್ಟಿಕಾ ಬ್ಯಾಂಡಿನವರು ತಮ್ಮ 'ಕನೆಕ್ಷನ್' ಹಾಡಿನಲ್ಲಿ ಇಟ್ಟರು. ವಿಷಯ ನ್ಯಾಯಾಲಯದ ಹೊರಗೆ ರಾಜಿಯಾಯಿತು. ನಮ್ಮ ಕಾಲದವರು ಎಷ್ಟೋ ಜನ ಮೊದಲು ಕೇಳಿದ್ದು ಎಲಾಸ್ಟಿಕಾ, ಆಮೇಲೆ ವೈರ್. ಆದರೆ ನನಗೆ ನಿಜವಾದ ಶಿಷ್ಯರು ಅನ್ನಿಸುವುದು ಕ್ಯಾಲಿಫೋರ್ನಿಯಾದ ಮಿನಿಟ್‌ಮೆನ್. ಅವರು ಒಂದೂ ಸಾಲು ಎತ್ತಿಕೊಳ್ಳಲಿಲ್ಲ. ಹೇಳುವುದು ಮುಗಿದರೆ ಹಾಡು ಮುಗಿಸು ಅನ್ನುವುದನ್ನು ಮಾತ್ರ ಕಲಿತರು. 'ಪಿಂಕ್ ಫ್ಲ್ಯಾಗ್' ನಮ್ಮ ಕಣ್ಣು ತೆರೆಸಿತು ಅಂತ ಅವರ ಬೇಸ್ ವಾದಕ ಮೈಕ್ ವಾಟ್ ಎಷ್ಟೋ ಸಲ ಹೇಳಿದ್ದಾರೆ. ಅವರ ಬೇಸ್ ಕೇಳಿ, ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ. ವೈರ್ ಹಾಗೆ ಒಂಚೂರೂ ಇಲ್ಲ.

ತಾಳಗಾರ

ಒಂದೇ ಮರದಿಂದ ಎಷ್ಟು ತರಹದ ಕಸಿ ನೋಡಿ. '12ಎಕ್ಸ್‌ಯು' ಹಾಡನ್ನು ವಾಷಿಂಗ್ಟನ್ನಿನ ಮೈನರ್ ಥ್ರೆಟ್ ಹಾಡಿದರು, ಅದು ಹಾರ್ಡ್‌ಕೋರ್, ಅಂದರೆ ಇನ್ನೂ ಜೋರಾದ ಪಂಕ್. 'ಸ್ಟ್ರೇಂಜ್' ಹಾಡನ್ನು ಆರ್.ಇ.ಎಂ. 1987ರ ಆಲ್ಬಮ್ಮಿನಲ್ಲಿ ಹಾಡಿದರು. 'ಹಾರ್ಟ್‌ಬೀಟ್' ಬಿಗ್ ಬ್ಲ್ಯಾಕ್ ಕೈಗೆ ಹೋಯಿತು. 'ಮ್ಯಾಪ್ ರೆಫ್' ಮೈ ಬ್ಲಡಿ ವ್ಯಾಲೆಂಟೈನ್ ಕೈಗೆ. ಈ ನಾಲ್ವರ ಕೇಳುಗರು ಒಂದೇ ಕಡೆ ಸೇರುವುದು ಅಪರೂಪ.

ಬ್ಯಾಂಡ್ ಮತ್ತೆ ಸೇರಿದಾಗಿನ ಕಥೆ ನನಗೆ ಬಹಳ ಇಷ್ಟ. 1987ರಲ್ಲಿ ಅಮೆರಿಕಕ್ಕೆ ಹೋದರು. ಹಳೇ ಹಾಡು ನುಡಿಸುವುದಿಲ್ಲ ಅಂತ ತೀರ್ಮಾನ. ಆದರೆ ಜನಕ್ಕೆ 'ಪಿಂಕ್ ಫ್ಲ್ಯಾಗ್' ಬೇಕು. ಏನು ಮಾಡಿದರು ಗೊತ್ತಾ? ಎಕ್ಸ್-ಲಯನ್ ಟೇಮರ್ಸ್ ಅಂತ ಇವರ ಹಾಡನ್ನೇ ನುಡಿಸುವ ಅಭಿಮಾನಿ ತಂಡ ಇತ್ತು. ಅವರನ್ನೇ ಜೊತೆಗೆ ಕರೆದುಕೊಂಡು ಹೋದರು! ಮೊದಲು ಅವರು 'ಪಿಂಕ್ ಫ್ಲ್ಯಾಗ್' ಪೂರ್ತಿ ನುಡಿಸುವುದು, ಆಮೇಲೆ ವೈರ್ ಬಂದು ಹೊಸದು ನುಡಿಸುವುದು.

ಆ ಹೊಸದರಲ್ಲಿ 'ಡ್ರಿಲ್' ಅನ್ನುವ ಹಾಡು ಇದೆ. ಒಂದೇ ಸ್ವರ, ಒಂದೇ ಪೆಟ್ಟು, ಅದೇ ತಿರುಗಿ ತಿರುಗಿ. ಅದಕ್ಕೆ ಅವರು ಇಟ್ಟ ಹೆಸರು 'ಡಗ್ಗ'. ನಮ್ಮ ತಬಲಾದ ಡಗ್ಗಾಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೆ ಬಾಯಲ್ಲಿ ಹೇಳಿ ನೋಡಿ: ಡಗ್ಗ ಡಗ್ಗ ಡಗ್ಗ ಡಗ್ಗ. ಕೊನ್ನಕ್ಕೋಲು ಹೇಳಿದ ಹಾಗೇ ಆಗುತ್ತದೆ. ಆ ಹಾಡಿನ ಬೇರೆ ಬೇರೆ ರೂಪಗಳನ್ನಷ್ಟೇ ಇಟ್ಟು 1991ರಲ್ಲಿ ಒಂದು ಇಡೀ ಆಲ್ಬಂ ತಂದರು.

ನೋವಿನ ವಿಷಯ ಒಂದಿದೆ. ಅಷ್ಟು ಹೊತ್ತಿಗೆ ಯಂತ್ರಗಳೇ ತಾಳ ಹಾಕುವ ಹಾಗಾಗಿತ್ತು. ನನಗಿಲ್ಲಿ ಕೆಲಸ ಇಲ್ಲ ಅಂತ ಗೋಟೋಬೆಡ್ 1990ರಲ್ಲಿ ಹೊರಟುಹೋದರು. ಉಳಿದ ಮೂವರು ಬ್ಯಾಂಡಿನ ಇಂಗ್ಲಿಷ್ ಹೆಸರಿನ ಕೊನೆಯ ಅಕ್ಷರವನ್ನೇ ತೆಗೆದುಹಾಕಿದರು. ನಾಲ್ಕು ಅಕ್ಷರದ ಹೆಸರು ಮೂರಾಯಿತು. ಒಬ್ಬ ಡ್ರಮ್ಮರ್ ಹೋದರು ಅಂತ ಹೆಸರಿನಲ್ಲೇ ಜಾಗ ಖಾಲಿ ಬಿಟ್ಟದ್ದು ನಾನು ಬೇರೆಲ್ಲೂ ಕಂಡಿಲ್ಲ. ಅವರು ವಾಪಸ್ ಬಂದರು, ಅಕ್ಷರವೂ ಬಂತು. 2003ರ 'ಸೆಂಡ್' ಕೇಳಿ, ವಯಸ್ಸು 50 ದಾಟಿದವರ ಕೈ ಅಂತ ಅನ್ನಿಸುವುದೇ ಇಲ್ಲ.

ಟೊಮೇಟೊತೋಟ

ಬಣ್ಣದಡಬ್ಬಿ ಮೇಡಂ ಇನ್ನಷ್ಟು ಬರೆಯಿರಿ ಅಂದರು ಅಂತ ಇದು. ಇವತ್ತು ಬೆಳಿಗ್ಗೆ ಔಷಧಿ ಹೊಡೆಯುವ ಮುಂಚೆ ಒಂದು ಎಲೆ ಕಿತ್ತು ಫೋನಿನ ಪಕ್ಕ ಇಟ್ಟುಕೊಂಡು ಆ ಹಾಡು ಹಾಕಿದೆ. ಚಿಕ್ಕ ರೂಪವನ್ನೇ. ಹಾಡು ಮುಗಿಯುವ ತನಕ ಹುಳು ಎಷ್ಟು ದೂರ ಹೋಗುತ್ತದೆ ನೋಡೋಣ ಅಂತ. ಬಿಸಿಲಿಗೆ ಹಿಡಿದು ಕಣ್ಣಿಟ್ಟು ನೋಡಿದೆ. ತಲೆ ಮಾತ್ರ ಆ ಕಡೆ ಈ ಕಡೆ ಆಡಿಸುತ್ತಿತ್ತು, ಮುಂದೆ ಹೋದದ್ದು ಕಾಣಿಸಲೇ ಇಲ್ಲ. ಎರಡನೇ ಸಲ ಹಾಕಿದೆ. ಒಂದು ಅಕ್ಕಿಕಾಳಿನ ತುದಿಯಷ್ಟು ಹೋಗಿರಬಹುದು.

ಹೊಸಕೇಳುಗ

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ. ರಾಮೋನ್ಸ್, ಫ್ಲಾಯ್ಡ್, ಈನೋ ಅಂತ ಮೂರು ಹೆಸರು ಹಿಡಿದು ಬಂದಿದ್ದೆ. ಈಗ ನನ್ನ ಕಿವಿಗೆ ಕೇಳಿಸುವುದು ಮುರಿದ ಕಾಲು, 106 ಉಚ್ಚಾರಾಂಶ, ತಂತಿ ಮೇಲೆ ಒತ್ತಿದ ಅಂಗೈ.

ಶನಿವಾರ ರಾತ್ರಿ ವಾಪಸ್ ಹುಬ್ಬಳ್ಳಿಗೆ ಬಸ್. '154' ಫೋನಿಗೆ ಹಾಕಿಕೊಂಡಿದ್ದೇನೆ. 'ಮ್ಯಾಪ್ ರೆಫ್'ನಿಂದ ಶುರು ಮಾಡಲಾ, ಮೊದಲಿಂದಲಾ?

ಬಣ್ಣದಡಬ್ಬಿ

ಮೊದಲಿಂದ. ತುಮಕೂರು ದಾಟಿ ಬಸ್ಸಿನ ದೀಪ ಆರಿಸಿದ ಮೇಲೆ ಹಾಕು.